ಘಟ್ಟದ ಮೇಲೆ ಸರಿ ಇದ್ದ ಶಾಂಪೂ ಕಾರವಾರದಲ್ಲಿ ಯಾಕೆ ಕೈಕೊಟ್ಟಿತು?

ಓದುಗರ ಪ್ರಶ್ನೆ: "ಅಕ್ಕಾ, ನಾನು ಶಿರಸಿ ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದು ಒಂದೂವರೆ ವರ್ಷ ಆಯಿತು. ತವರಿನಲ್ಲಿ ವಾರಕ್ಕೆ ಎರಡು ಸಲ ತಲೆಸ್ನಾನ ಮಾಡಿದರೆ ಸಾಕಿತ್ತು. ಇಲ್ಲಿ ಮಾರನೇ ದಿನವೇ ನೆತ್ತಿ ಜಿಡ್ಡು, ಕೆಳಗಿನ ಕೂದಲು ಮಾತ್ರ ತೆಂಗಿನ ನಾರು. ಎಣ್ಣೆ ಕೂದಲಿನ ಶಾಂಪೂ ಹಾಕಿದರೆ ತುದಿ ಇನ್ನೂ ಒರಟಾಗುತ್ತದೆ. ಒಣ ಕೂದಲಿನದು ಹಾಕಿದರೆ ನೆತ್ತಿ ಅಂಟಂಟು. ಅದರದ್ದು ಒಂದು ದೊಡ್ಡ ಬಾಟಲಿ ಬೇರೆ ತಂದಿಟ್ಟಾಗಿದೆ. ನನ್ನ ಕೂದಲು ಯಾವ ಜಾತಿ? ಯಾವ ಶಾಂಪೂ ತರಲಿ?"

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ನಿಮ್ಮದರಲ್ಲಿ ಘಟ್ಟದ ಮೇಲಿನದ್ದೂ ಕೆಳಗಿನದ್ದೂ ಎರಡೂ ಇರುವುದರಿಂದ ಇದನ್ನೇ ಹಿಡಿದು ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಕೂದಲು ಎರಡೂ ಜಾತಿಯದು. ನಮ್ಮಲ್ಲಿ ಮುಕ್ಕಾಲು ಹೆಂಗಸರದ್ದು ಹಾಗೇ ಇರುತ್ತದೆ ಎಂದು ನನ್ನ ಅಂದಾಜು. ಬಾಟಲಿಯ ಮೇಲೆ 'ಎಣ್ಣೆ ಕೂದಲಿಗೆ', 'ಒಣ ಕೂದಲಿಗೆ' ಎಂದು ಬರೆದಿರುತ್ತದಲ್ಲ, ಗೊಂದಲ ಶುರುವಾಗುವುದು ಅಲ್ಲಿಂದಲೇ. ಕೂದಲಿಗೆ ಎಣ್ಣೆ ಸುರಿಸುವ ಶಕ್ತಿ ಇಲ್ಲ. ಎಣ್ಣೆ ಬರುವುದು ನೆತ್ತಿಯ ಚರ್ಮದಲ್ಲಿ, ಪ್ರತಿ ಕೂದಲಿನ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಗ್ರಂಥಿಗಳಿಂದ. ಆ ಎಣ್ಣೆ ನಿಧಾನವಾಗಿ ಕೂದಲ ಮೇಲೆ ಇಳಿದು ಬರಬೇಕು. ನೇರ ಕೂದಲಿನಲ್ಲಿ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ಒಂದೊಂದು ತಿರುವಿಗೂ ತಡವಾಗುತ್ತದೆ. ಉದ್ದ ಕೂದಲಿನಲ್ಲಂತೂ ತುದಿಯವರೆಗೆ ಬರುವುದೇ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟುವ 60 ಸೆಂಟಿಮೀಟರ್ ಜಡೆ ಇದ್ದರೆ ಅದರ ತುದಿಗೆ 5 ವರ್ಷ ವಯಸ್ಸು. ನೀವು ಕಾರವಾರಕ್ಕೆ ಬಂದ ಮೇಲೆ ಹುಟ್ಟಿದ್ದು ಮೇಲಿನ 18 ಸೆಂಟಿಮೀಟರ್ ಮಾತ್ರ. ಅದರ ಕೆಳಗಿನದೆಲ್ಲ ಶಿರಸಿಯಲ್ಲೇ ಬೆಳೆದದ್ದು. ಐದು ಮಳೆಗಾಲ, ಐದು ಬೇಸಿಗೆ, ಹಂಡೆಯ ಬಿಸಿನೀರು, ಸಾವಿರಾರು ಸಲದ ಬಾಚಣಿಗೆ, ಎಲ್ಲ ತಿಂದು ಬಂದಿದೆ. ಅದು ಜೀವವಿಲ್ಲದ ಭಾಗ, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ. ಹಾಗಾಗಿ ನೆತ್ತಿಗೂ ತುದಿಗೂ ಒಂದೇ ಮದ್ದು ಹುಡುಕಿದರೆ ಸಿಗುವುದಿಲ್ಲ. ಶಾಂಪೂವನ್ನು ನೆತ್ತಿ ನೋಡಿ ಆರಿಸಿ, ತುದಿಯನ್ನು ಕಂಡೀಷನರ್‌ಗೆ ಬಿಡಿ.

ನೆತ್ತಿ ಎಂಥದ್ದು ಎಂದು ತಿಳಿಯಲು ಸುಲಭದ ದಾರಿ ಇದೆ. ತಲೆಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಮಾರನೇ ದಿನ ಸಂಜೆ ಬೈತಲೆ ಬಿಡಿಸಿ ಒಂದು ಟಿಶ್ಯೂ ಕಾಗದ ಒತ್ತಿ ನೋಡಿ. ಬೋಂಡಾ ಕಟ್ಟಿದ ಕಾಗದದ ಹಾಗೆ ಕಲೆ ಮೂಡಿದರೆ ಎಣ್ಣೆ ನೆತ್ತಿ. ಏನೂ ಇಲ್ಲದೆ ಚರ್ಮ ಬಿಗಿದಂತೆ ಅನಿಸಿದರೆ ಒಣ ನೆತ್ತಿ. ನಡುವೆ ಇದ್ದರೆ ಪುಣ್ಯವಂತರು, ಅಂಗಡಿಯಲ್ಲಿ ಕೈಗೆ ಸಿಕ್ಕ ಶಾಂಪೂ ತರಬಹುದು.

ಇನ್ನು, ಶಿರಸಿಯಲ್ಲಿ ಇಲ್ಲದ ಜಿಡ್ಡು ಇಲ್ಲಿ ಯಾಕೆ? ಮೊದಲನೇದು ಸೆಕೆ. ಚರ್ಮ ಬಿಸಿಯಾದಷ್ಟೂ ಎಣ್ಣೆ ತೆಳುವಾಗಿ ಬೇಗ ಹರಡುತ್ತದೆ. ಅದರ ಜೊತೆ ಬೆವರು. ಕೋಡಿಬಾಗದಿಂದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಕುತ್ತಿಗೆಯ ಹಿಂದೆ ನೀರಿಳಿಯುತ್ತದೆ, ಅಲ್ವಾ? ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಆ ಬೆವರು ಆರುವುದೂ ಇಲ್ಲ. ಅದೇ ತೇವ ಕೂದಲಿನ ಒಳಗೂ ಹೋಗುತ್ತದೆ. ಕೂದಲನ್ನು ಒಂದು ಆಕಾರದಲ್ಲಿ ಹಿಡಿದಿಡುವ ಸಣ್ಣ ಬಂಧಗಳು ತೇವಕ್ಕೆ ಸಡಿಲವಾಗಿ, ಮತ್ತೆ ಎಲ್ಲೆಲ್ಲೋ ಕೂಡಿಕೊಳ್ಳುತ್ತವೆ. ಬೆಳಿಗ್ಗೆ ನೀಟಾಗಿ ಬಾಚಿದ ತಲೆ ಮಧ್ಯಾಹ್ನಕ್ಕೆ ಉಬ್ಬಿ ನಿಲ್ಲುವುದು ಅದಕ್ಕೇ.

ಎರಡನೇದು ನೀರು. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಕಡಿಮೆ, ನೀರು ಮೆದು. ನಿಮ್ಮ ತವರಿನ ನೀರು ಅಂಥದ್ದೇ ಇರಬೇಕು. ಸಮುದ್ರದ ಅಂಚಿನಲ್ಲಿ, ಕಾಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಜಾಗಗಳಲ್ಲಿ ಕಥೆ ಬೇರೆ. ಏಪ್ರಿಲ್, ಮೇ ಹೊತ್ತಿಗೆ ಬಾವಿಯ ಸಿಹಿನೀರು ಇಳಿಯುತ್ತದೆ, ಒಳಗಿಂದ ಉಪ್ಪುನೀರು ನುಗ್ಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಡುಗೆ ಉಪ್ಪು ಮಾತ್ರ ಅಂದುಕೊಳ್ಳಬೇಡಿ, ಮೆಗ್ನೀಷಿಯಂ, ಕ್ಯಾಲ್ಸಿಯಂ ಕೂಡ ಇವೆ. ಅವು ಸ್ವಲ್ಪ ಬೆರೆತರೂ ಸಾಕು, ನೀರು ಗಡುಸಾಗುತ್ತದೆ. ಸೋಪು ಹಾಕಿದರೆ ನೊರೆಯ ಬದಲು ಬಿಳಿ ಮಡ್ಡಿ ಬರುತ್ತದೆ. ಆ ಮಡ್ಡಿ ಕೂದಲಿಗೆ ಅಂಟಿ ಕೂತರೆ ನಾರಿನ ಹಾಗೆ ಆಗದೆ ಇನ್ನೇನಾಗುತ್ತದೆ?

ನಿಮ್ಮ ಮನೆಯ ನೀರು ಎಂಥದ್ದೆಂದು ಅತ್ತೆಯವರನ್ನು ಕೇಳಿ. "ನಮ್ಮ ನೀರಲ್ಲಿ ಬೇಳೆ ಬೇಯುವುದಿಲ್ಲ" ಎಂದರೆ ಅದು ಗಡಸು ನೀರು. ಅತ್ತೆಯವರನ್ನು ಕೇಳಲು ಮನಸ್ಸಿಲ್ಲದಿದ್ದರೆ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು, ಎರಡಕ್ಕೂ ಮೈಸೋಪಿನ ಅಷ್ಟಷ್ಟೇ ತುರಿ. ಅಲುಗಾಡಿಸಿ ನೋಡಿ. ಮಳೆನೀರು ಬುಸಬುಸ ನೊರೆ ಬಿಡುತ್ತದೆ. ಇನ್ನೊಂದು ಮೊಸರು ಒಡೆದಂತೆ ಕಂಡರೆ ತಪ್ಪು ಶಾಂಪೂವಿನದಲ್ಲ.

ಹಾಗೆಂದು ಮೈಸೋಪನ್ನೇ ತಲೆಗೂ ಉಜ್ಜುವ ಗಂಡಸರ ಅಭ್ಯಾಸ ಈ ನೀರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಸೋಪು ಕ್ಷಾರ, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 9ರಿಂದ 10. ನೆತ್ತಿಯದು 5.5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಶಾಂಪೂ ಸೋಪಲ್ಲ, ಅದರ ತೊಳೆಯುವ ವಸ್ತು ಬೇರೆ, ಗಡಸು ನೀರಿನಲ್ಲೂ ಮಡ್ಡಿ ಕಟ್ಟುವುದು ಕಡಿಮೆ.

ಈಗ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮುಂದುಗಡೆಯ ಹೂವು, ಹಣ್ಣು, ಜೇನಿನ ಚಿತ್ರಕ್ಕೆ ಮರುಳಾಗಬೇಡಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲನೆಯದು ಯಾವಾಗಲೂ ನೀರು. ಅದರ ಬೆನ್ನಿಗೇ ಬರುವುದು ತೊಳೆಯುವ ವಸ್ತು. ಒಂದು ಕೈಯಲ್ಲಿ ಎಣ್ಣೆ, ಇನ್ನೊಂದು ಕೈಯಲ್ಲಿ ನೀರು ಹಿಡಿದು ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವುದು ಇದರ ಕೆಲಸ. ಸೋಡಿಯಂ ಲಾರಿಲ್ ಸಲ್ಫೇಟ್ ಎಂದಿದ್ದರೆ ಜೋರಾಗಿ ತೊಳೆಯುತ್ತದೆ. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಮೆದು, ಅಂಗಡಿಯ ಹೆಚ್ಚಿನ ಶಾಂಪೂಗಳಲ್ಲಿ ಇದೇ ಇರುತ್ತದೆ. ಕೊಕಾಮಿಡೊಪ್ರೊಪೈಲ್ ಬೀಟೈನ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇನ್ನೂ ಮೆದು. ಈ ಹೆಸರುಗಳಲ್ಲಿ 'ಕೊಕೊ' ಇದೆ ನೋಡಿ, ಅದು ತೆಂಗಿನಕಾಯಿ. ಇವನ್ನು ಮಾಡುವುದೇ ತೆಂಗಿನೆಣ್ಣೆಯ ಅಂಶದಿಂದ. ನಾವು ಶನಿವಾರ ತೆಂಗಿನೆಣ್ಣೆ ಹಚ್ಚಿ ಭಾನುವಾರ ತೆಂಗಿನೆಣ್ಣೆಯಿಂದಲೇ ಅದನ್ನು ತೊಳೆಯುತ್ತೇವೆ!

ಡೈಮೆಥಿಕೋನ್ ಎಂಬ ಹೆಸರು ಕಂಡರೆ ಅದು ಸಿಲಿಕೋನ್. ಕೂದಲಿಗೆ ನುಣುಪು ಪದರ ಹಚ್ಚುತ್ತದೆ. 'ಒಣ ಕೂದಲಿಗೆ' ಎನ್ನುವ ಶಾಂಪೂಗಳಲ್ಲಿ ಇಂಥದ್ದು ಜಾಸ್ತಿ. ತುದಿಗೆ ಒಳ್ಳೆಯದೇ, ಎಣ್ಣೆ ನೆತ್ತಿಗೆ ಭಾರ. ನಿಮ್ಮ ದೊಡ್ಡ ಬಾಟಲಿ ನೆತ್ತಿಯನ್ನು ಅಂಟಂಟು ಮಾಡಿದ್ದು ಬಹುಶಃ ಇದರಿಂದಲೇ. ಇನ್ನು 'ಕೂದಲು ಉದುರುವುದನ್ನು ತಡೆಯುತ್ತದೆ' ಎನ್ನುವ ಬಾಟಲಿ ಕಂಡರೆ ಆ ಸಾಲಿನ ಪಕ್ಕ ಚುಕ್ಕಿ ಇದೆಯಾ ನೋಡಿ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ತುಂಡಾಗಿ ಉದುರುವುದು ಮಾತ್ರ' ಎಂಬ ಅರ್ಥದ ಮಾತು ಸಾಮಾನ್ಯವಾಗಿ ಇರುತ್ತದೆ. ಬುಡದಿಂದ ಉದುರುವ ಕೂದಲಿನ ಬುಡದ ಕೊನೆಯಲ್ಲಿ ಸಣ್ಣ ಬಿಳಿ ಗಂಟು ಕಾಣುತ್ತದೆ. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಜ್ವರ, ಬಾಣಂತನ ಕಳೆದು ಎರಡು ಮೂರು ತಿಂಗಳಿಗೆ ಮುಷ್ಟಿಗಟ್ಟಲೆ ಉದುರಬಹುದು. ಅದು ಶಾಂಪೂವಿನ ಕೈಯಲ್ಲಿಲ್ಲ. ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತಹೀನತೆ, ಥೈರಾಯ್ಡ್ ನೋಡಿಸಬೇಕು.

ಹಾಗಾದರೆ ನಿಮಗೆ? ಸಿಲಿಕೋನ್ ಇಲ್ಲದ, ಲಾರೆತ್ ಸಲ್ಫೇಟ್ ಇರುವ ಸಾದಾ ಶಾಂಪೂ ಸಾಕು. ದುಬಾರಿ ಬೇಡ. ದಿನ ಬಿಟ್ಟು ದಿನ ತೊಳೆಯಿರಿ. ಜಾಸ್ತಿ ತೊಳೆದರೆ ಎಣ್ಣೆ ಇನ್ನೂ ಜಾಸ್ತಿ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಎಣ್ಣೆ ಗ್ರಂಥಿಗಳು ಕೇಳುವುದು ಹಾರ್ಮೋನುಗಳ ಮಾತನ್ನು, ಬಚ್ಚಲುಮನೆಯ ಮಾತನ್ನಲ್ಲ. ಮೊದಲು ಕೂದಲು ಪೂರ್ತಿ ಒದ್ದೆಯಾಗಲಿ. ಶಾಂಪೂವನ್ನು ಒಂದು ಲೋಟ ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ಉಜ್ಜಿ. ತೊಳೆಯುವಾಗ ಇಳಿಯುವ ನೊರೆಯೇ ತುದಿಗೆ ಸಾಕು. ಉಳಿದ ನೀರು-ಶಾಂಪೂವನ್ನು ನಾಳೆಗೆ ಇಡಬೇಡಿ. ನೀರು ಬೆರೆತ ಶಾಂಪೂ ಬೇಗ ಕೆಡುತ್ತದೆ.

ಆಮೇಲೆ ಕಂಡೀಷನರ್, ಕಿವಿಯಿಂದ ಕೆಳಕ್ಕೆ ಮಾತ್ರ. ಈ 'ಮಾತ್ರ' ಯಾಕೆಂದರೆ, ನಾನೊಮ್ಮೆ ಅಣ್ಣನ ಮದುವೆಯ ಬೆಳಿಗ್ಗೆ ಅದನ್ನು ನೆತ್ತಿಗೆಲ್ಲ ಚೆನ್ನಾಗಿ ತಿಕ್ಕಿಕೊಂಡಿದ್ದೆ. ಫೋಟೋದಲ್ಲಿ ಇವತ್ತಿಗೂ ಎಣ್ಣೆ ಗಿಂಡಿ ತಲೆ ಮೇಲೆ ಮಗುಚಿದವಳ ಹಾಗೆ ಕಾಣುತ್ತೇನೆ.

ಬೇಸಿಗೆಯಲ್ಲಿ ನೀರು ಸವುಳಾದಾಗ ಇನ್ನೊಂದು ಕೆಲಸ ಮಾಡಿ. ಕೊನೆಯ ಒಂದು ತಂಬಿಗೆ ಸಿಹಿನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ತುದಿಯ ಮೇಲೆ ಹೊಯ್ದುಕೊಂಡು, ಮತ್ತೆ ಸ್ವಲ್ಪ ಬರೀ ನೀರು ಹಾಕಿ. ಹುಳಿ ಆ ಮಡ್ಡಿಯನ್ನು ಬಿಡಿಸುತ್ತದೆ. ನೆತ್ತಿಯಲ್ಲಿ ಗಾಯ, ಉರಿ ಇದ್ದರೆ ಬೇಡ. ಟಾಗೋರ್ ಬೀಚಿನಲ್ಲಿ ನೀರಿಗಿಳಿಯುವ ಅಭ್ಯಾಸ ಇದ್ದರೆ ಮೊದಲೇ ಸಿಹಿನೀರಿನಲ್ಲಿ ತಲೆ ನೆನೆಸಿ ತುದಿಗೆ ಎಣ್ಣೆ ಸವರಿ. ನೆಂದ ಕೂದಲು ಉಪ್ಪುನೀರನ್ನು ಕಡಿಮೆ ಕುಡಿಯುತ್ತದೆ.

ಎಣ್ಣೆಯ ಮಾತು ಬಂತು. 2003ರಲ್ಲಿ ಮುಂಬೈನ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯಲ್ಲೇ ಇದ್ದವರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ನಮ್ಮ ಅಜ್ಜಿಯರ ಅನುಭವ ಅದಕ್ಕೆ ಎದುರು ಹೇಳುವುದಿಲ್ಲ. ಸ್ನಾನಕ್ಕೆ ಒಂದೆರಡು ತಾಸು ಮೊದಲು ಉದ್ದಕ್ಕೆ ಹಚ್ಚಿ. ನೆತ್ತಿಗೆ ಮೆತ್ತಬೇಡಿ, ನಿಮಗೆ ಅಲ್ಲಿ ಬೇಕಾದಷ್ಟಿದೆ.

ತಲೆಹೊಟ್ಟು ಇದ್ದರಂತೂ ನೆತ್ತಿಗೆ ಎಣ್ಣೆ ಬೇಡವೇ ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. ಅದರ ಊಟವೇ ಎಣ್ಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಒಣಗುವುದೇ ಇಲ್ಲ, ಒದ್ದೆ ಕೂದಲನ್ನೇ ತುರುಬು ಕಟ್ಟಿ ಕೆಲಸಕ್ಕೆ ಓಡುತ್ತೇವೆ. ಅದಕ್ಕೆ ಹಬ್ಬ. ಔಷಧಿ ಅಂಗಡಿಯಲ್ಲಿ 2% ಕೀಟೋಕೊನಜೋಲ್ ಶಾಂಪೂ ಸಿಗುತ್ತದೆ. ವಾರಕ್ಕೆರಡು ಸಲ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದುಬಿಟ್ಟು "ಕೆಲಸ ಮಾಡಲಿಲ್ಲ" ಎನ್ನುವವರೇ ಜಾಸ್ತಿ. ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಬಸುರಿಯರು, ಬಾಣಂತಿಯರು ಮೊದಲೇ ಕೇಳಿಕೊಂಡು ಬಳಸಲಿ.

"ಇಷ್ಟೆಲ್ಲ ಯಾಕೆ, ಸೀಗೆಪುಡಿ ಸಾಲದೇ?" ಎಂದು ನಿಮ್ಮ ಅಮ್ಮ ಕೇಳಬಹುದು. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸ್ಯಾಪೊನಿನ್ ಎಂಬ ನೊರೆ ಬರಿಸುವ ಅಂಶ ಇದೆ. ಮೆದುವಾಗಿ ತೊಳೆಯುತ್ತವೆ. ಪುಡಿ ಸಣ್ಣಗಿರಬೇಕು, ಸೋಸಿರಬೇಕು. ತರಿತರಿ ಪುಡಿ ಉಜ್ಜಿದರೆ ಕೂದಲಿನ ಮೇಲ್ಪದರ ಸವೆಯುತ್ತದೆ. ದಾಸವಾಳ ಸೊಪ್ಪಿನ ಗಂಪು, ಅಂದರೆ ಸೊಪ್ಪು ಹಿಂಡಿ ತೆಗೆದ ಲೋಳೆ, ನನಗೆ ಇನ್ನೂ ಇಷ್ಟ. ಅದು ತೊಳೆಯುವುದಕ್ಕಿಂತ ನುಣುಪು ಮಾಡುವುದೇ ಹೆಚ್ಚು. ಅಂದರೆ ಹಿತ್ತಲಲ್ಲಿ ಬೆಳೆದ ಕಂಡೀಷನರ್. ತವರಿಗೆ ಹೋದಾಗ ಧಾರಾಳವಾಗಿ ಹಾಕಿಕೊಳ್ಳಿ. ಕಾರವಾರದ ಬೆವರಿಗೆ, ದಿನ ಬಿಟ್ಟು ದಿನ, ಬೆಳಿಗ್ಗೆ ಗಂಪು ಹಿಂಡುತ್ತಾ ಕೂರಲು ಯಾರಿಗೆ ಪುರುಸೊತ್ತು?

ಉಳಿಯಿತು ದೊಡ್ಡ ಬಾಟಲಿ. ಚೆಲ್ಲಬೇಡಿ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಹೆಂಗಸರ ನೆತ್ತಿಯಲ್ಲಿ ಎಣ್ಣೆ ಕಡಿಮೆಯಾಗುತ್ತದೆ. ಮೇಲೆ ಶಿರಸಿಯ ಚಳಿಗಾಲ ಬೇರೆ. ಮುಂದಿನ ಸಲ ಘಟ್ಟ ಹತ್ತುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಅಮ್ಮನಿಗೆ ಕೊಡಿ. ಮುಚ್ಚಳ ಮಾತ್ರ ಬಿಗಿಯಾಗಿ ತಿರುವಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಸೀರೆಗೆಲ್ಲ ಶಾಂಪೂ ಆದೀತು.