ಓದುಗರ ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರೋ, ಹೆಂಗಸೊಬ್ಬರು ದೀಪ ಹಿಡಿದು ನಿಂತಿರೋ ಚಿತ್ರ ರವಿವರ್ಮಂದೇ ಅಲ್ವಾ?

ಅಲ್ಲ. ಅದು ಚಿತ್ರಕಾರ ಎಸ್. ಎಲ್. ಹಳದಣಕರ್ ಅವರದ್ದು. ಮೇ ರಜೆಗೆ ಊರಿಗೆ ಹೋಗಿ ಹಾಗೇ ಮೈಸೂರು ನೋಡ್ಕೊಂಡು ಬಂದವರು ಡೊಂಬಿವಲಿಯಿಂದ, ಮಾಟುಂಗದಿಂದ ಇದನ್ನೇ ಕೇಳ್ತಾರೆ, ನಾನೂ ಉತ್ತರ ಕೊಡ್ತೀನಿ, ಆಮೇಲೆ ನೋಡಿದ್ರೆ ಅದೇ ವಾಟ್ಸಾಪ್ ಗ್ರೂಪಲ್ಲಿ ಮತ್ತೆ "ರವಿವರ್ಮನ ಅದ್ಭುತ ದೀಪ" ಅಂತ ಫಾರ್ವರ್ಡ್. ಸಾಕಾಗಿದೆ, ಅದಕ್ಕೆ ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ.

ಮೊದಲು ವರ್ಷ ನೋಡಿ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ ಬರೆದಿದ್ದು 1940ರ ದಶಕದಲ್ಲಿ. ಇಷ್ಟಕ್ಕೇ ಮಾತು ಮುಗೀಬೇಕು, ಆದ್ರೆ ಮುಗಿಯಲ್ಲ, "ಸ್ಟೈಲ್ ಅವರದ್ದೇ ಅಲ್ವಾ ಸರ್" ಅಂತಾರೆ. ಸ್ಟೈಲೂ ಅಲ್ಲ. ರವಿವರ್ಮ ಹೆಸರಾಗಿದ್ದು ತೈಲವರ್ಣಕ್ಕೆ, ಇದು ಜಲವರ್ಣ. ಜಲವರ್ಣದಲ್ಲಿ ಬೆಳಕು ಬೇಕು ಅಂದ್ರೆ ಬಿಳಿ ಬಣ್ಣ ಹಚ್ಚೋದಲ್ಲ, ಕಾಗದದ ಬಿಳುಪನ್ನೇ ಕಾಪಾಡ್ಕೊಂಡು ಸುತ್ತ ಕತ್ತಲೆಯನ್ನ ಪದರ ಪದರವಾಗಿ ಕಟ್ಟುತ್ತಾ ಬರಬೇಕು, ಒಂದು ಕಡೆ ಗಾಢ ಬಣ್ಣ ಒಳಗೆ ಹರೀತು ಅಂದ್ರೆ ತೈಲವರ್ಣದ ಥರ ಮೇಲೆ ಇನ್ನೊಂದು ಕೈ ಹೊಡೆದು ಮುಚ್ಚೋಕಾಗಲ್ಲ. ದೀಪಕ್ಕೆ ಅಡ್ಡ ಹಿಡಿದ ಆ ಬೆರಳುಗಳನ್ನ ನೋಡಿ, ಚರ್ಮದೊಳಗಿಂದ ಕೆಂಪಗೆ ಬೆಳಕು ಬರ್ತಿದೆ. ನನ್ನ ಸ್ಟೂಡೆಂಟ್ಸ್‌ಗೆ ಅಷ್ಟೇ ಭಾಗ ಕಾಪಿ ಮಾಡಿ ಅಂತ ಕೊಡ್ತೀನಿ, ಆಗ ಗೊತ್ತಾಗುತ್ತೆ ಅದು ಎಂಥಾ ಕೈ ಅಂತ. ಮತ್ತೆ, ಚಿತ್ರದ ಹಿಂದೆ ಬಲ್ಬ್ ಇಟ್ಟಿದ್ದಕ್ಕೇ ಹೀಗೆ ಹೊಳೆಯುತ್ತೆ ಅಂದ್ಕೊಳ್ಳೋರಿಗೆ ಹೇಳ್ತೀನಿ, ಹಿಂದುಗಡೆ ಬಲ್ಬ್ ಗಿಲ್ಬ್ ಏನೂ ಇಟ್ಟಿಲ್ಲ.

ದೀಪ ಹಿಡಿದು ನಿಂತವರು ಹಳದಣಕರ್ ಮಗಳು ಗೀತಾ. ಮದುವೆ ಆದ್ಮೇಲೆ ಗೀತಾ ಉಪಳೇಕರ್, ಕೊಲ್ಹಾಪುರದಲ್ಲಿ ಇದ್ರು, 2018ರಲ್ಲಿ 102ನೇ ವಯಸ್ಸಿಗೆ ತೀರಿಕೊಂಡ್ರು. ಮಾಡೆಲ್ಲೇ ನಮ್ಮ ಕಾಲದವರೆಗೆ ಬದುಕಿದ್ರು, ಆದ್ರೂ ಚಿತ್ರ ಮಾತ್ರ ರವಿವರ್ಮಂದು ಅಂತೀರಲ್ಲ!

ಗೊಂದಲಕ್ಕೆ ಕಾರಣ ಇದೆ, ಒಪ್ಪೋಣ. ಅದೇ ಅರಮನೆಯಲ್ಲಿ ರವಿವರ್ಮನ ಒರಿಜಿನಲ್ ಚಿತ್ರಗಳೂ ಇವೆ. ಜೊತೆಗೆ ಅವರು 1894ರಲ್ಲಿ ಇಲ್ಲೇ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿ ಲಕ್ಷ್ಮಿ ಸರಸ್ವತಿಯನ್ನ ಮನೆ ಮನೆ ಗೋಡೆಗೆ ತಲುಪಿಸಿದ್ದಕ್ಕೆ, ಸೀರೆ ಉಟ್ಟ ಹೆಣ್ಣಿನ ಹಳೇ ಚಿತ್ರ ಯಾವುದೇ ಕಂಡ್ರೂ ನಮಗೆ ಅದೊಂದೇ ಹೆಸರು ಬಾಯಿಗೆ ಬರುತ್ತೆ.

ಹಳದಣಕರ್ ಹುಟ್ಟಿದ್ದು 1882ರಲ್ಲಿ, ಗೋವಾ ಪಕ್ಕದ ಸಾವಂತವಾಡಿಯಲ್ಲಿ. ಓದಿದ್ದು ಮುಂಬೈ ಜೆ.ಜೆ. ಸ್ಕೂಲ್ ಆಫ್ ಆರ್ಟಲ್ಲಿ, 1908ರಲ್ಲಿ ತಮ್ಮದೇ ಕ್ಲಾಸ್ ತೆಗೆದ್ರು. ಮಗ ಜಿ. ಎಸ್. ಹಳದಣಕರ್ ಕೂಡ ಚಿತ್ರಕಾರರೇ.

ಹಾಗಾದ್ರೆ ಕಲೆ ರಕ್ತದಲ್ಲೇ ಬರುತ್ತಾ? ಇದನ್ನ ಯಾರೂ ಕೇಳಿಲ್ಲ, ಆದ್ರೆ ಮುಂಬೈ ಕನ್ನಡಿಗರು ಕೇಳಬೇಕಾದ ಪ್ರಶ್ನೆ, ಯಾಕಂದ್ರೆ ನಮ್ಮ ಚಿತ್ರಕಾರ ಕೆ. ಕೆ. ಹೆಬ್ಬಾರ್ ಇದ್ರಲ್ಲ. ಉಡುಪಿ ಹತ್ರದ ಕಟ್ಟಿಂಗೇರಿಯವರು, ತಂದೆ ಗಣಪತಿ ಮೂರ್ತಿ ಮಾಡ್ತಿದ್ರು, ಮಗಳು ರೇಖಾ ರಾವ್ ಕೂಡ ಪೇಂಟರ್. ಮೂರು ತಲೆಮಾರು. ಆದ್ರೂ ರಕ್ತ ಅನ್ನೋದನ್ನ ನಾನು ಒಪ್ಪಲ್ಲ. ಮನೆಯಲ್ಲಿ ಮಣ್ಣು, ಬಣ್ಣ ಕೈಗೆ ಸಿಕ್ತು, ಬೇಡ ಅನ್ನೋರು ಇರಲಿಲ್ಲ, ಮನೆಯಿಂದ ಸಿಗೋದು ಅಷ್ಟೇ, ಮಿಕ್ಕಿದ್ದು ಕಲಿತೇ ಬರಬೇಕು. ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಪಾಠನೂ ಹೇಳಿ, ಆಮೇಲೆ ಪ್ಯಾರಿಸ್‌ಗೆ ಹೋಗಿ ಮತ್ತೆ ಸ್ಟೂಡೆಂಟ್ ಆದ್ರು. ಅವರ ಒಂದೇ ಗೆರೆಯಲ್ಲಿ ಮನುಷ್ಯನ ಮೈ ಕುಣಿಯುತ್ತಲ್ಲ, ಅದಕ್ಕೋಸ್ಕರ ಗುರು ಹತ್ರ ಹೋಗಿ ಕಥಕ್ ಕಲಿತಿದ್ರು.