ಟೈಮಿಂಗ್ ಬೆಲ್ಟ್: ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಬೇಕಾದದ್ದು

"ಬೆಲ್ಟ್ ಇನ್ನೂ ಗಟ್ಟಿಯಾಗಿದೆ ಸರ್, ಮುಂದಿನ ಸರ್ವೀಸಿಗೆ ನೋಡೋಣ" ಎಂದು ಮೆಕ್ಯಾನಿಕ್ ಮೇಲಿನ ಕವರ್ ತೆಗೆದು ಇಣುಕಿ ಹೇಳಿದ ಮಾತಿನ ಮೇಲೆ ಎಂಜಿನ್ನಿನ ಆಯಸ್ಸನ್ನು ಬಿಡಬೇಡಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ (ಕ್ರ್ಯಾಂಕ್) ಸುತ್ತನ್ನು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ (ಕ್ಯಾಮ್) ತಲುಪಿಸುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಹಳೆಯ ಕಾಲದ ರಬ್ಬರ್ ಬೆಲ್ಟ್‌ಗಳು ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು. ಈಗಿನ ಬೆಲ್ಟ್‌ಗಳ ರಬ್ಬರ್ ಬೇರೆ ಜಾತಿಯದು, ಶಾಖ ತಡೆಯುತ್ತದೆ, ಮೇಲ್ಮೈ ನುಣುಪಾಗಿಯೇ ಉಳಿಯುತ್ತದೆ. ಒಳಗಿನ ಗಾಜಿನ ಎಳೆಗಳು ದಣಿದಿದ್ದರೂ, ಹಲ್ಲಿನ ಬುಡ ಸಡಿಲವಾಗಿದ್ದರೂ ಹೊರಗೆ ಕಾಣುವುದಿಲ್ಲ. ಹಾಗಾಗಿ ಯಾವಾಗ ಬದಲಿಸಬೇಕು ಎನ್ನುವುದನ್ನು ತಯಾರಕರ ಪುಸ್ತಕದಲ್ಲಿರುವ ಕಿಲೋಮೀಟರ್ ಮತ್ತು ವರ್ಷ ಹೇಳಬೇಕು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ನಿಮ್ಮ ಕಾರಿಗಿರುವುದು ಬೆಲ್ಟೋ ಚೈನೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್‌ಗೆ ಚೈನ್. ಹಳೆಯ ಇನ್ನೋವಾದ 2.5 ಲೀಟರ್ ಡೀಸೆಲ್‌ಗೆ ಬೆಲ್ಟ್. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ರೆನೋದ 1.5 ಲೀಟರ್ ಡೀಸೆಲ್, ಅಂದರೆ ಕೆ9ಕೆ ಎಂಜಿನ್. ಡಸ್ಟರ್, ಲಾಜಿ, ನಿಸಾನ್ ಟೆರಾನೋ, ಸನ್ನಿ ಡೀಸೆಲ್, ಮಹೀಂದ್ರಾ ವೆರಿಟೋ, ಎಲ್ಲದರಲ್ಲೂ ಇದೇ ಇದೆ. ಇವುಗಳಲ್ಲಿ ಹಲವು ಈಗ ಎರಡನೇ, ಮೂರನೇ ಮಾಲೀಕರ ಕೈಯಲ್ಲಿವೆ. ಬೆಲ್ಟ್ ಯಾವಾಗ ಹಾಕಿದ್ದು ಎಂಬ ಬಿಲ್ ಇಲ್ಲದಿದ್ದರೆ ಹಾಕಿಯೇ ಇಲ್ಲ ಎಂದುಕೊಂಡು ಬದಲಿಸುವುದೇ ಸರಿ.

ಕ್ರ್ಯಾಂಕ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಗಾಳಿ ಮತ್ತು ಹೊಗೆಯ ಬಾಗಿಲಿನಂತಿರುವ ಒಂದೊಂದು ವಾಲ್ವ್ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಮುಚ್ಚಿರಬೇಕು. ಈ ಎಂಜಿನ್ನಿನಲ್ಲಿ ಎರಡೂ ಒಂದೇ ಜಾಗ ಹಂಚಿಕೊಳ್ಳುತ್ತವೆ. ಬೆಲ್ಟ್ ತುಂಡಾದರೆ ಕ್ಯಾಮ್ ನಿಲ್ಲುತ್ತದೆ, ಕ್ರ್ಯಾಂಕ್ ನಿಲ್ಲುವುದಿಲ್ಲ, ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಕ್ಯಾಮ್‌ಶಾಫ್ಟೇ ಮುರಿಯುತ್ತದೆ. ಆಮೇಲೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸದೆ ಬೇರೆ ದಾರಿಯಿಲ್ಲ. ಓಡುತ್ತಿದ್ದ ಗಾಡಿ ಏಕಾಏಕಿ ಆಫ್ ಆಗಿ, ಸೆಲ್ಫ್ ಹೊಡೆದರೆ ಎಂಜಿನ್ ಎಂದಿಗಿಂತ ಹಗುರವಾಗಿ ಸರ್ರನೆ ತಿರುಗಿದರೆ ಅಲ್ಲಿಗೇ ಕೈಬಿಡಿ. ಎರಡನೇ ಸಲ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡುವ ಸಾಹಸವಂತೂ ಬೇಡವೇ ಬೇಡ. ಟೋ ಮಾಡಿಸಿ.

ಇನ್ನೊಂದು ವಿಷಯ ಬಹಳ ಮುಖ್ಯ. ಬೆಲ್ಟ್ ತಾನಾಗಿ ಸವೆದು ಹೋಗುವುದಕ್ಕಿಂತ ಅಕ್ಕಪಕ್ಕದ ಭಾಗಗಳು ಅದನ್ನು ಹಾಳುಮಾಡುವುದೇ ಹೆಚ್ಚು. ಬೆಲ್ಟಿನ ಒಂದು ಅಂಚು ಮಾತ್ರ ನಾರುನಾರಾಗಿದ್ದರೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಅಥವಾ ಅದೇ ಬೆಲ್ಟ್ ತಿರುಗಿಸುವ ವಾಟರ್ ಪಂಪ್‌ನ ಬೇರಿಂಗ್ ವಾಲಿದೆ ಎಂದರ್ಥ. ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕ್‌ನ ಮುಂದಿನ ಸೀಲ್ ಸೋರುತ್ತಿದೆ. ಪಂಪಿನ ಕೆಳಗೆ ಕೂಲಂಟ್ ಒಣಗಿದ ಬಣ್ಣದ ಕಲೆ ಕಂಡರೆ ಪಂಪಿನ ಕಾಲ ಮುಗಿದಿದೆ. ಕವರ್ ಒಳಗೆ ಕಪ್ಪು ಪುಡಿ ರಾಶಿ ಬಿದ್ದಿದ್ದರೆ ಬೆಲ್ಟ್ ಎಲ್ಲೋ ಉಜ್ಜುತ್ತಿದೆ. ಬೆಲ್ಟನ್ನು ಮೆಲ್ಲಗೆ ಬಗ್ಗಿಸಿ ಹಲ್ಲಿನ ಬುಡ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಬೆಲ್ಟ್ ಮತ್ತೆ ಓಡಬಾರದು. ಎಂಜಿನ್ ವೇಗದ ಜೊತೆಗೆ ಏರಿಳಿಯುವ ಗುಂಯ್ ಸದ್ದು ಬೇರಿಂಗಿನದು. ಬೆಳಗಿನ ಚಳಿಗೆ ಕೇಳುವ ಕೀಚು ಸದ್ದು ಸಾಮಾನ್ಯವಾಗಿ ಹೊರಗಿನ ಆಲ್ಟರ್ನೇಟರ್ ಬೆಲ್ಟಿನದು.

ಆ ಹೊರಗಿನ ಬೆಲ್ಟನ್ನೂ ಕಡೆಗಣಿಸುವಂತಿಲ್ಲ. ಕೆ9ಕೆ ಎಂಜಿನ್ನಿನಲ್ಲಿ ಅದು ಎಳೆಎಳೆಯಾಗಿ ಹರಿದರೆ ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಆ ಎಳೆಗಳು ಒಳಗೆ ನುಗ್ಗಿ ಟೈಮಿಂಗ್ ಬೆಲ್ಟಿಗೆ ಸುತ್ತಿಕೊಳ್ಳುತ್ತವೆ. ಹೊಸ ಟೈಮಿಂಗ್ ಬೆಲ್ಟ್ ಇದ್ದ ಎಂಜಿನ್ನೂ ಹೀಗೆ ಹಾಳಾಗುತ್ತದೆ. ಆದ್ದರಿಂದ ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಆಲ್ಟರ್ನೇಟರ್ ಬೆಲ್ಟ್, ಅದರ ಟೆನ್ಷನರ್, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್, ಇಷ್ಟನ್ನೂ ಒಟ್ಟಿಗೇ ಹೊಸದು ಹಾಕಿಸಿ. ಬಿಚ್ಚುವ ಕೂಲಿ ಹೇಗೂ ಒಂದೇ.

ಕೆಲಸ ತಣ್ಣಗಿರುವ ಎಂಜಿನ್ನಿನ ಮೇಲೆ ಆಗಬೇಕು. ಬ್ಯಾಟರಿ ಕಳಚಿ, ಬಲಗಡೆಯ ಮುಂದಿನ ಚಕ್ರ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ತೆಗೆದು, ಕೂಲಂಟ್ ಇಳಿಸಿ. ಎಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟ ಮೇಲೆಯೇ ಬಲಗಡೆಯ ಮೌಂಟಿಂಗ್ ಬಿಚ್ಚಬೇಕು. ಕವರ್ ಎಳೆಯುವ ಮೊದಲು ಅದರಲ್ಲಿ ಕೂತಿರುವ ಕ್ಯಾಮ್ ಸೆನ್ಸರ್ ಬಿಡಿಸಿ, ಮರೆತರೆ ಮುರಿಯುತ್ತದೆ. ಕ್ರ್ಯಾಂಕನ್ನು ಗಡಿಯಾರದ ದಿಕ್ಕಿಗೇ ತಿರುಗಿಸುತ್ತ ಬಂದು, ಕ್ಯಾಮ್ ಗೇರಿನ ತೂತು ಹೆಡ್‌ನ ತೂತಿಗೆ ಹೊಂದಿದಾಗ 8 ಎಂಎಂ ಪಿನ್ ಹಾಕಿ. ಬ್ಲಾಕ್‌ನಲ್ಲಿರುವ ಪ್ಲಗ್ ತೆಗೆದು ಕ್ರ್ಯಾಂಕ್ ಪಿನ್ ತಿರುಗಿಸಿ, ಕ್ರ್ಯಾಂಕ್ ಅದಕ್ಕೆ ಮೆಲ್ಲಗೆ ತಾಗಿ ನಿಲ್ಲಬೇಕು. ಈ ಪಿನ್ನುಗಳು ಸ್ಥಾನ ತೋರಿಸುವುದಕ್ಕೆ ಮಾತ್ರ. ಪುಲ್ಲಿ ಬೋಲ್ಟ್ ಬಿಚ್ಚುವಾಗ ಅವುಗಳ ಆಸರೆ ಪಡೆದರೆ ಪಿನ್ ಬಾಗುತ್ತದೆ, ಟೈಮಿಂಗ್ ತಪ್ಪುತ್ತದೆ. ಬೋಲ್ಟ್ ಸಡಿಲಿಸುವುದಕ್ಕೆ ಕ್ರ್ಯಾಂಕಿನ ಇನ್ನೊಂದು ತುದಿಯಲ್ಲಿರುವ ಫ್ಲೈವೀಲನ್ನೇ ಲಾಕ್ ಮಾಡಬೇಕು.

ಹೊಸ ಬೆಲ್ಟಿಗೆ 123 ಹಲ್ಲು, 27 ಎಂಎಂ ಅಗಲ. ಹಾಕುವ ಮುಂಚೆ ಎಣಿಸಿ ನೋಡುವುದರಲ್ಲಿ ತಪ್ಪಿಲ್ಲ. ಅದನ್ನು ಮಡಚಬಾರದು, ಒಳಮೈ ಹೊರಗೆ ಮಾಡಿ ತಿರುಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಹತ್ತಿಸಬಾರದು. ಒಳಗಿನ ಗಾಜಿನ ಎಳೆ ಅಲ್ಲೇ ಮುರಿಯುತ್ತದೆ. ಬೆಲ್ಟಿನ ಮೇಲಿನ ಗುರುತುಗಳನ್ನು ಕ್ರ್ಯಾಂಕ್, ಕ್ಯಾಮ್ ಮತ್ತು ಡೀಸೆಲ್ ಪಂಪ್ ಗೇರಿನ ಗುರುತುಗಳಿಗೆ ಹೊಂದಿಸಿ. ಕ್ಯಾಮ್ ಮತ್ತು ಪಂಪ್ ಗುರುತುಗಳ ನಡುವೆ 19 ಹಲ್ಲು ಇರಬೇಕು. ಟೆನ್ಷನರನ್ನು ಅಲೆನ್ ಕೀಯಿಂದ ತಿರುಗಿಸಿ ಅದರ ಮೇಲಿನ ಮುಳ್ಳನ್ನು ಗುರುತಿಗೆ ತಂದು ಬಿಗಿ ಮಾಡಿ, ಪಿನ್ನುಗಳನ್ನೆಲ್ಲ ತೆಗೆದು, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ವಾಲ್ವ್ ತಾಗುತ್ತಿದೆ. ಎರಡು ಸುತ್ತಿನ ನಂತರ ಪಿನ್ ಮತ್ತೆ ಸಲೀಸಾಗಿ ಇಳಿಯಬೇಕು, ಮುಳ್ಳು ಗುರುತಿನಲ್ಲೇ ಇರಬೇಕು. ಇಲ್ಲದಿದ್ದರೆ ಮೊದಲಿಂದ ಮಾಡಿ.

ಪುಲ್ಲಿ ಕೂರಿಸುವ ಹಂತದಲ್ಲಿ ಬಹಳ ಮಂದಿ ಅವಸರ ಮಾಡುತ್ತಾರೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಗೇರ್ ಜಾರದಂತೆ ಹಿಡಿದಿರುವುದು ಆ ಒಂದು ಬೋಲ್ಟಿನ ಬಿಗಿತ. ಆದ್ದರಿಂದ ಕ್ರ್ಯಾಂಕಿನ ತುದಿ, ಗೇರಿನ ಒಳಮೈ, ಪುಲ್ಲಿಯ ಮುಖ ಮೂರನ್ನೂ ಬ್ರೇಕ್ ಕ್ಲೀನರ್ ಹಾಕಿ ಎಣ್ಣೆಯ ಪಸೆಯಿಲ್ಲದಂತೆ ಒರೆಸಬೇಕು. ಎಣ್ಣೆ ಉಳಿದರೆ ಗೇರ್ ಜಾರುತ್ತದೆ, ಹೊಸ ಬೆಲ್ಟ್ ಇದ್ದೂ ವಾಲ್ವ್ ಬಾಗುತ್ತದೆ. ಎಂ14 (14 ಎಂಎಂ ದಪ್ಪದ) ಬೋಲ್ಟ್ ಆದರೆ 120 ನ್ಯೂಟನ್ ಮೀಟರ್ ಟಾರ್ಕ್, ಅದರ ಮೇಲೆ 95 ಡಿಗ್ರಿ ತಿರುವು. ಕೆಲವು ಎಂಜಿನ್ನುಗಳಲ್ಲಿ ಎಂ12 ಇದೆ, ಅದರ ಲೆಕ್ಕ ಬೇರೆ, ಬೋಲ್ಟ್ ಅಳೆದು ಕೈಪಿಡಿ ನೋಡಿಯೇ ಬಿಗಿಮಾಡಿ. ಗಾಳಿಯ ಗನ್‌ನಿಂದ ಒಂದೇಟಿಗೆ ಹೊಡೆದರೆ ಆ ಬೋಲ್ಟ್ ಎಷ್ಟು ಬಿಗಿಯಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಕ್ರ್ಯಾಂಕ್ ಸೀಲ್ ಬದಲಿಸುವುದಿದ್ದರೆ, ಟೆಫ್ಲಾನ್ ತುಟಿಯ ಸೀಲಿಗೆ ಬೆರಳು ತಾಗಿಸದೆ, ಎಣ್ಣೆ ಹಚ್ಚದೆ, ಒಣಗಿದ್ದಂತೆಯೇ ಕೂರಿಸಬೇಕು.

ಮುರಿದ ಕ್ಲಿಪ್ಪಿನ ಕವರನ್ನು ಹಾಗೇ ಬಿಡಬೇಡಿ. ಬಯಲುಸೀಮೆಯ ದೂಳು, ಮಲೆನಾಡಿನ ಮಳೆಗಾಲದ ಕೆಸರು ಎರಡೂ ಆ ಸಂದಿಯಿಂದಲೇ ಬೆಲ್ಟಿನ ಹಲ್ಲಿಗೆ ಸೇರುತ್ತವೆ. ಕೂಲಂಟ್ ತುಂಬಿ, ಗಾಳಿ ತೆಗೆದು, ಎಂಜಿನ್ ಫ್ಯಾನ್ ತಿರುಗುವಷ್ಟು ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿ. ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಪಂಪಿನ ಕೆಳಗೆ ಬೆರಳಾಡಿಸಿ ಒದ್ದೆಯಿದೆಯೇ ಪರೀಕ್ಷಿಸಿ. ಬಿಚ್ಚಿದ ಹಳೆಯ ಬೆಲ್ಟ್ ಮತ್ತು ಪಂಪನ್ನು ಕೇಳಿ ಪಡೆದುಕೊಳ್ಳಿ. ದಿನಾಂಕ ಮತ್ತು ಕಿಲೋಮೀಟರ್ ಬರೆದ ಸ್ಟಿಕ್ಕರನ್ನು ಬಾನೆಟ್ ಒಳಗೆ ಅಂಟಿಸಿ. ಇನ್ನೋವಾದವರು ಇನ್ನೊಂದು ಕೆಲಸ ಮಾಡಿಸಬೇಕು: ಮೀಟರಿನಲ್ಲಿ ಉರಿಯುವ ಟಿ-ಬೆಲ್ಟ್ ದೀಪ ಕಿಲೋಮೀಟರನ್ನು ಮಾತ್ರ ಎಣಿಸುತ್ತದೆ, ಬೆಲ್ಟಿನ ಸ್ಥಿತಿ ಅದಕ್ಕೆ ತಿಳಿಯದು. ಬೆಲ್ಟ್ ಹಾಕಿಸಿದ ದಿನವೇ ಅದನ್ನು ರೀಸೆಟ್ ಮಾಡಿಸಿ. ಬೆಲ್ಟ್ ಬದಲಿಸದೆ ದೀಪ ಆರಿಸಿದ ಗಾಡಿಗಳೂ ಮಾರುಕಟ್ಟೆಯಲ್ಲಿ ಸಿಗುವುದರಿಂದ, ಹಳೆಯ ಇನ್ನೋವಾ ಕೊಳ್ಳುವವರು ದೀಪ ಉರಿಯುತ್ತಿಲ್ಲ ಎಂದು ಸಮಾಧಾನ ಪಡದೆ ಬಿಲ್ಲನ್ನೇ ಕೇಳಬೇಕು.