ಬೈಕ್ ಸೀಟಿನೊಳಗೆ ಒಂದು ತುಂಡು ಹಾಲುಬಾಯಿ

ಹಾಸನದಿಂದ ಬೇಲೂರು ದಾರಿಯಾಗಿ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್. ಕೆಲಸದ ಮೇಲೆ ವಾರಕ್ಕೆ ಎರಡು ಸಲವಾದರೂ ಬೈಕಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಬೇಗ ಹೊರಟರೆ ಮಂಜು, ತಣ್ಣನೆ ಗಾಳಿ, ಖಾಲಿ ರಸ್ತೆ. ಬೇಲೂರು ಹತ್ತಿರವಾಗುವ ಹೊತ್ತಿಗೆ ಮಾತ್ರ ಪಿರ್ರೆಯೊಳಗೆ ನೋವು ಶುರುವಾಗುತ್ತಿತ್ತು. ಅದೂ ಎರಡೇ ಎರಡು ಕಡೆ, ಯಾರೋ ಕೆಳಗಿನಿಂದ ಹೆಬ್ಬೆರಳಿಟ್ಟು ಒತ್ತಿ ಹಿಡಿದ ಹಾಗೆ. ಸ್ವಲ್ಪ ಮುಂದೆ ಜರುಗಿ, ಸ್ವಲ್ಪ ಹಿಂದೆ ಜರುಗಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಹೇಗೋ ಊರು ಮುಟ್ಟುತ್ತಿದ್ದೆ. ನಮ್ಮ ಕಡೆ ದಿನಾ ಎಸ್ಟೇಟಿಗೆ ಹೋಗಿ ಬರುವವರಿಗೆ, ಊರೂರು ಸುತ್ತಿ ಸಾಮಾನು ಮುಟ್ಟಿಸುವವರಿಗೆ ಈ ನೋವು ಹೊಸದಲ್ಲ. ಟವೆಲ್ ಮಡಚಿ ಸೀಟಿನ ಮೇಲೆ ಹಾಕಿಕೊಂಡು ಸುಮ್ನೆ ಸಹಿಸಿಕೊಳ್ಳುತ್ತಾರೆ. ಅಷ್ಟು ಸಹಿಸಬೇಕಾಗಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಮನೆಯಲ್ಲೇ ಸೀಟಿನೊಳಗೆ ಜೆಲ್, ಅಂದರೆ ಒತ್ತಿದರೆ ಜರುಗುವ ಮೆತ್ತನೆ ಪ್ಯಾಡ್, ಕೂರಿಸಬಹುದು. ಆದರೆ ಜೆಲ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಹಾಕಿದರೆ ಇದ್ದ ನೋವು ಇನ್ನೂ ಜಾಸ್ತಿಯಾಗುತ್ತದೆ. ನನಗೆ ಮೊದಲ ಸಲ ಆಗಿದ್ದು ಅದೇ.

ನೋವು ಎರಡೇ ಕಡೆ ಯಾಕೆ? ಸೊಂಟದ ಎಲುಬಿನ ತಳದಲ್ಲಿ ಎರಡು ಗುಂಡನೆಯ ಉಬ್ಬುಗಳಿವೆ. ವೈದ್ಯರು ಇಸ್ಕಿಯಲ್ ಟ್ಯೂಬರಾಸಿಟಿ ಅನ್ನುತ್ತಾರೆ. ನಾವು ಕೂರುವ ಮೂಳೆ ಅನ್ನೋಣ. ಮಣೆಯ ಮೇಲೆ ಕೂತು ಅಂಗೈಯನ್ನು ಪಿರ್ರೆಯ ಅಡಿಗೆ ತೂರಿಸಿ ನೋಡಿ, ಕೈಗೇ ಸಿಗುತ್ತವೆ. ಕೂತಾಗ ಮೈಯ ಭಾರ ಬೆನ್ನುಮೂಳೆಯಿಂದ ಇಳಿದು ಹೆಚ್ಚಾಗಿ ಈ ಎರಡು ಉಬ್ಬುಗಳ ಮೂಲಕವೇ ಸೀಟಿಗೆ ದಾಟುತ್ತದೆ. ಮೂಳೆಗೂ ಸೀಟಿಗೂ ನಡುವೆ ಇರುವ ಚರ್ಮ, ಕೊಬ್ಬು, ಮಾಂಸ ಅಪ್ಪಚ್ಚಿಯಾಗುತ್ತವೆ. ಅದರೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅವು ಮುಚ್ಚಿಕೊಂಡರೆ ಅಲ್ಲಿಗೆ ರಕ್ತ ಹೋಗುವುದಿಲ್ಲ. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ನೋವು.

ಒಂದು ಸಣ್ಣ ಲೆಕ್ಕ ಹಾಕೋಣ. 70 ಕೆ.ಜಿ. ತೂಕದ ಸವಾರರ ಭಾರದಲ್ಲಿ ಸ್ವಲ್ಪ ಫುಟ್‌ರೆಸ್ಟಿಗೆ, ಸ್ವಲ್ಪ ಹ್ಯಾಂಡಲ್ಲಿಗೆ ಹೋಗುತ್ತದೆ. ಸೀಟಿನ ಪಾಲಿಗೆ 50 ಕೆ.ಜಿ. ಅಂತ ಇಟ್ಟುಕೊಳ್ಳಿ. ಉದ್ದ ಅಗಲ ಎರಡೂ 30 ಸೆಂ.ಮೀ. ಇರುವ ಜಾಗದಲ್ಲಿ ಆ ಭಾರ ಒಂದೇ ಸಮನಾಗಿ ಹರಡಿದರೆ ಚದರ ಸೆಂಟಿಮೀಟರಿಗೆ ಸುಮಾರು 55 ಗ್ರಾಂ. ಇದನ್ನೇ ಬಿಪಿ ನೋಡುವಾಗ ಬಳಸುವ ಪಾದರಸದ ಅಳತೆಗೆ ತಿರುಗಿಸಿದರೆ 41 ಮಿ.ಮೀ. ಆಗುತ್ತದೆ. ಈಗ ಅರ್ಧ ಭಾರ, ಅಂದರೆ 25 ಕೆ.ಜಿ., ಎರಡು ಮೂಳೆಗಳ ಕೆಳಗಿನ 50 ಚದರ ಸೆಂಟಿಮೀಟರಿನ ಮೇಲೇ ಬಿತ್ತು ಅಂದುಕೊಳ್ಳಿ. ಒತ್ತಡ 370 ಮಿ.ಮೀ. ಹತ್ತಿರ ಹೋಗುತ್ತದೆ. ಮನುಷ್ಯ ಅದೇ, ತೂಕ ಅದೇ, ಒತ್ತಡ ಮಾತ್ರ ಒಂಬತ್ತು ಪಟ್ಟು.

ಸಣ್ಣ ರಕ್ತನಾಳಗಳೊಳಗಿನ ಒತ್ತಡ ಎಷ್ಟು? 1930ರಲ್ಲಿ ಅಮೆರಿಕದ ವಿಜ್ಞಾನಿ ಯೂಜಿನ್ ಲ್ಯಾಂಡಿಸ್ ಉಗುರಿನ ಬುಡದ ಚರ್ಮದಲ್ಲಿ ಅತಿ ಸಣ್ಣ ಗಾಜಿನ ನಳಿಕೆ ಚುಚ್ಚಿ ಅಳೆದರು. ರಕ್ತ ಒಳಬರುವ ತುದಿಯಲ್ಲಿ ಸಿಕ್ಕಿದ್ದು ಸುಮಾರು 32 ಮಿ.ಮೀ. ಹೊರಗಿನ ಒತ್ತಡ ಇದನ್ನು ದಾಟಿದ ಕೂಡಲೇ ನಾಳ ಮುಚ್ಚಿಯೇ ಬಿಡುತ್ತದೆ ಅಂತಲ್ಲ. ಮೈಯಿಂದ ಮೈಗೆ, ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇರುತ್ತದೆ. ಆದರೂ ಈ ಅಂಕಿ ಒಂದು ಮುಖ್ಯ ವಿಷಯ ಹೇಳುತ್ತದೆ. ಭಾರ ಎಷ್ಟೇ ಚೆನ್ನಾಗಿ ಹರಡಿದರೂ ನಾವು 41ರ ಆಸುಪಾಸಿನಲ್ಲೇ, ಅಂದರೆ ಆ 32ಕ್ಕಿಂತ ಮೇಲೇ ಇರುತ್ತೇವೆ. ಹಾಗಾಗಿ ಗಂಟೆಗಟ್ಟಲೆ ಅಲ್ಲಾಡದೆ ಕೂರುವಂಥ ಸೀಟು ಯಾರಿಂದಲೂ ಮಾಡಲು ಆಗುವುದಿಲ್ಲ. ಒಳ್ಳೆ ಸೀಟು ಆ 370ನ್ನು ಕೆಳಗಿಳಿಸಬಹುದು, ಅಷ್ಟೇ. ಜೆಲ್ ಇರುವುದೂ ಅದಕ್ಕೇ.

ಈಗ ನನ್ನ ಮೊದಲ ಪ್ರಯತ್ನದ ಕತೆ. ಒಂದಿಂಚು ದಪ್ಪದ ಜೆಲ್ ಪ್ಯಾಡ್ ಕೊಂಡು ಒಂದು ಕುಶನ್ ಅಂಗಡಿಗೆ ಕೊಟ್ಟೆ. ಇದ್ದ ಫೋಮಿನ ಮೇಲೆ ಪ್ಯಾಡ್ ಅಂಟಿಸಿ, ಸುಕ್ಕು ಕಾಣದ ಹಾಗೆ ಕವರ್ ಬಿಗಿಯಾಗಿ ಎಳೆದು ಪಿನ್ ಹೊಡೆದರು. ನೋಡಲು ಬಲು ಚೆಂದ. ಬೆರಳಲ್ಲಿ ಒತ್ತಿದರೆ ಮೆತ್ತಗೆ. ಮಾರನೇ ದಿನ ಬೇಲೂರು ಮುಟ್ಟುವ ಮೊದಲೇ ಹಳೇ ಸೀಟೇ ವಾಸಿ ಅನ್ನಿಸಿತು. ಹಲಗೆಯ ಮೇಲೆ ಕೂತ ಹಾಗೆ. ಒಂದಿಂಚು ಎತ್ತರವಾಗಿದ್ದರಿಂದ ಬೈಕ್ ನಿಲ್ಲಿಸಿದಾಗ ಹಿಮ್ಮಡಿ ಪೂರ್ತಿ ನೆಲಕ್ಕೆ ತಾಗುತ್ತಿರಲಿಲ್ಲ. ಇಷ್ಟು ಮೆತ್ತನೆಯ ವಸ್ತು ಇಷ್ಟು ಗಟ್ಟಿ ಹೇಗಾಯಿತು ಅನ್ನುವ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ಉತ್ತರ ಅಡುಗೆಮನೆಯಲ್ಲಿದೆ. ಒಂದು ಇಡ್ಲಿ ತಗೊಂಡು ಹೆಬ್ಬೆರಳಲ್ಲಿ ನೇರ ಕೆಳಗೆ ಒತ್ತಿ. ಒತ್ತಿದ ಕಡೆ ಕುಸಿಯುತ್ತದೆ, ಪಕ್ಕಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಒಳಗೆಲ್ಲ ಗೂಡು, ಗೂಡಿನಲ್ಲಿ ಗಾಳಿ. ಗಾಳಿ ಹೊರಹೋಯಿತು, ಗೂಡು ಮಡಚಿಕೊಂಡಿತು. ಆಮೇಲೆ ಒಂದು ತುಂಡು ಹಾಲುಬಾಯಿ ತಗೊಂಡು ಹಾಗೇ ಒತ್ತಿ. ಅದು ಕುಸಿಯುವ ಬದಲು ಪಕ್ಕಕ್ಕೆ ಜರುಗಿ, ಬೆರಳಿನ ಸುತ್ತ ಉಬ್ಬಿ ನಿಲ್ಲುತ್ತದೆ. ಬೆರಳು ತೆಗೆದರೆ ಮತ್ತೆ ಬಹುಪಾಲು ಮೊದಲಿನ ಹಾಗೆ. ಅದರೊಳಗೆ ಗಾಳಿ ಇಲ್ಲವಲ್ಲ, ಕುಗ್ಗಲು ಏನೂ ಇಲ್ಲ. ಆಕಾರ ಬದಲಿಸಬಹುದು, ಗಾತ್ರ ಕಮ್ಮಿ ಮಾಡಿಕೊಳ್ಳಲಾರದು. ಸೀಟಿನ ಫೋಮ್ ಇಡ್ಲಿಯ ಹಾಗೆ. ಜೆಲ್ ಹಾಲುಬಾಯಿಯ ಹಾಗೆ.

ವಿಶೇಷ ಅಂದರೆ ಇವೆರಡೂ ಹೆಚ್ಚುಕಮ್ಮಿ ಒಂದೇ ಮನೆತನದವು. ಸೀಟಿನ ಫೋಮ್ ಪಾಲಿಯುರೆಥೇನ್. ಜರ್ಮನಿಯ ಒಟ್ಟೋ ಬಾಯರ್ 1937ರಲ್ಲಿ ಇದರ ರಸಾಯನ ಕಂಡುಹಿಡಿದರು. ಫೋಮ್ ಮಾಡುವಾಗ ಐಸೋಸಯನೇಟ್ ಅನ್ನುವ ರಾಸಾಯನಿಕ ನೀರಿನೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗುಳ್ಳೆಗಳಿಂದ ಮಿಶ್ರಣ ಉಬ್ಬುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಉಬ್ಬುವುದೂ ಅದೇ ಅನಿಲದಿಂದ. ಅಲ್ಲಿ ಅದನ್ನು ಬಿಡುವುದು ಸೂಕ್ಷ್ಮಜೀವಿಗಳು. ಸೀಟಿಗೆ ಹಾಕುವ ಜೆಲ್‌ಗಳಲ್ಲಿ ಹಲವು ಇದೇ ಪಾಲಿಯುರೆಥೇನ್‌ನವು, ಗುಳ್ಳೆ ಬಾರದ ಹಾಗೆ, ಅದರ ಉದ್ದನೆ ಅಣುಗಳ ಎಳೆಗಳ ನಡುವಿನ ಗಂಟು ತುಂಬಾ ಸಡಿಲವಾಗಿರುವ ಹಾಗೆ ಮಾಡಿದ್ದು. ಸಿಲಿಕೋನ್ ಜೆಲ್ ಕೂಡ ಸಿಗುತ್ತದೆ.

ಈಗ ಮೂಳೆ ಜೆಲ್ ಮೇಲೆ ಕೂತಿತು ಅಂದುಕೊಳ್ಳಿ. ಮೂಳೆಯ ಕೆಳಗಿನ ಜೆಲ್ ಪಕ್ಕಕ್ಕೆ ಸರಿದು, ಸುತ್ತಲಿನ ಮಾಂಸವನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಮೂಳೆ ಹೊರುತ್ತಿದ್ದ ಭಾರದಲ್ಲಿ ಒಂದು ಪಾಲು ಸುತ್ತಲಿನ ಜಾಗಕ್ಕೆ ಹಂಚಿಹೋಗುತ್ತದೆ. ಜೆಲ್ ಮಾಡುವ ಉಪಕಾರ ಇದು. ಆದರೆ ಅದಕ್ಕೆ ಸರಿಯಲು ಜಾಗ ಬೇಕು. ಹಾಲುಬಾಯಿಯನ್ನು ಡಬ್ಬಿಗೆ ಅಂಚಿನವರೆಗೂ ತುಂಬಿ, ಮುಚ್ಚಳ ಬಿಗಿದು ಮೇಲಿಂದ ಒತ್ತಿದರೆ ಒಂದಿಷ್ಟೂ ಜಗ್ಗುವುದಿಲ್ಲ, ಅಲ್ವಾ? ನನ್ನ ಸೀಟಿನಲ್ಲಿ ಬಿಗಿಯಾಗಿ ಎಳೆದ ಕವರೇ ಮುಚ್ಚಳವಾಗಿತ್ತು. ಅಂಗಡಿಯವರ ಕೈಕೆಲಸದಲ್ಲಿ ಕೊರತೆ ಇರಲಿಲ್ಲ. ಜೆಲ್ ಇಟ್ಟ ಜಾಗ ಸರಿ ಇರಲಿಲ್ಲ.

ಎರಡನೇ ಸಲ ಮನೆಯಲ್ಲೇ ಮಾಡಿದೆ. ಮೊದಲ ಕೆಲಸ ಮೂಳೆಗಳು ಎಲ್ಲಿ ಊರುತ್ತವೆ ಅಂತ ನೋಡುವುದು. ರಟ್ಟಿನ ಪೆಟ್ಟಿಗೆಯ ಒಂದು ಪಕ್ಕ ಕತ್ತರಿಸಿ, ಜಗಲಿಯ ಅಂಚಿಗೆ ಇಟ್ಟು, ತೆಳ್ಳನೆ ಬಟ್ಟೆಯಲ್ಲಿ ಅದರ ಮೇಲೆ ಕೂತು, ಬೈಕ್ ಹಿಡಿದ ಹಾಗೆ ಸ್ವಲ್ಪ ಮುಂದೆ ಬಾಗಿದೆ. ಒಂದೆರಡು ನಿಮಿಷ ಬಿಟ್ಟು ಎದ್ದು, ರಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ತಗ್ಗು ಸ್ಪಷ್ಟವಾಗಿ ಕಂಡವು. ನಡುವಿನಿಂದ ನಡುವಿಗೆ 12 ಸೆಂ.ಮೀ. ನಿಮ್ಮದು ಬೇರೆ ಇರಬಹುದು. ಆಮೇಲೆ ಬೈಕ್ ಮೇಲೆ ದಿನಾ ಕೂರುವ ಹಾಗೆ ಕೂತು, ಆ ಜಾಗ ಸೀಟಿನ ಮೇಲೆ ಎಲ್ಲಿ ಬರುತ್ತದೆ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಈ ಗುರುತು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಸೀಟು ಬಿಚ್ಚಿ ಮಗುಚಿ, ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಪಿನ್‌ಗಳನ್ನು ಒಂದೊಂದಾಗಿ ಎಬ್ಬಿಸಿ ಕವರ್ ತೆಗೆಯಬೇಕು. ಅವಸರ ಮಾಡಿದರೆ ಕವರ್ ಹರಿಯುತ್ತದೆ. ಗುರುತನ್ನು ಫೋಮಿಗೆ ದಾಟಿಸಿ, ಜೆಲ್ ಪ್ಯಾಡಿನ ಆಕಾರ ಬರೆದುಕೊಂಡು, ಪ್ಯಾಡ್ ಎಷ್ಟು ದಪ್ಪವೋ ಅಷ್ಟೇ ಆಳದ ಗುಂಡಿ ತೋಡಬೇಕು. ಈ ಸಲ ನಾನು ತಗೊಂಡಿದ್ದು ಒಂದೂವರೆ ಸೆಂ.ಮೀ. ಪ್ಯಾಡ್. ಉದ್ದನೆ ಬ್ಲೇಡಿನಿಂದ ತೆಳ್ಳಗೆ ಸೀಳಿ ಸೀಳಿ ತೆಗೆದು, ತಳವನ್ನು ಒರಟು ಸ್ಯಾಂಡ್‌ಪೇಪರಿನಲ್ಲಿ ಸಮ ಮಾಡಿದೆ. ಕೆಳಗೆ ಸಾಕಷ್ಟು ಫೋಮ್ ಉಳಿದಿರಲೇಬೇಕು. ರಸ್ತೆ ಗುಂಡಿಯ ಆಘಾತ ತಿನ್ನುವುದು ಗಾಳಿ ತುಂಬಿದ ಫೋಮೇ ಹೊರತು ಜೆಲ್ ಅಲ್ಲ. ಫೋಮಿನಲ್ಲಿ ತೋಡಿದ ಗುಂಡಿಯ ಗೋಡೆಗಳೂ ಫೋಮಿನವೇ ಆದ್ದರಿಂದ ಜೆಲ್ ಪಕ್ಕಕ್ಕೆ ತಳ್ಳಿದಾಗ ಅವು ಒಳಸರಿದು ಜಾಗ ಕೊಡುತ್ತವೆ. ನಾನು ಹುಡುಕುತ್ತಿದ್ದ ಉತ್ತರ ಆ ಗೋಡೆಗಳಲ್ಲೇ ಇತ್ತು.

ಜೆಲ್ ಮೇಲೆ ಒಂದು ಸೆಂ.ಮೀ. ಮೆತ್ತನೆ ಫೋಮ್ ಹಾಳೆ ಹೊದಿಸಿದೆ, ಅಂಚು ಒತ್ತದ ಹಾಗೆ. ಗೋಂದನ್ನು ಮೊದಲು ಕತ್ತರಿಸಿ ತೆಗೆದ ಚೂರಿನ ಮೇಲೆ ಹಚ್ಚಿ ನೋಡಿ; ಕೆಲವು ಗೋಂದು ಫೋಮನ್ನು ಕರಗಿಸುತ್ತವೆ, ಒಣಗಿದ ಮೇಲೆ ಗಟ್ಟಿ ಹಪ್ಪಳವಾಗುತ್ತವೆ. ಅದರ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಮಲೆನಾಡಿನ ಮಳೆಯಲ್ಲಿ ಓಡಾಡುವವರು ಇದನ್ನು ಬಿಡಲೇಬಾರದು. ಹೊಲಿಗೆಯ ತೂತಿನಿಂದ ಇಳಿದ ನೀರನ್ನು ಫೋಮ್ ಹೀರಿಕೊಂಡರೆ ವಾರವಾದರೂ ಒಣಗುವುದಿಲ್ಲ, ಕೂತಾಗಲೆಲ್ಲ ಪ್ಯಾಂಟ್ ಒದ್ದೆ. ಕವರನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಮೆದುವಾಗಿ ಹೇಳಿದಂತೆ ಕೇಳುತ್ತದೆ. ಸುಕ್ಕು ಹೋಗುವಷ್ಟು ಎಳೆದರೆ ಸಾಕು, ತಮಟೆಯ ಹಾಗೆ ಬಿಗಿಯಬೇಡಿ. ಪಿನ್ ತುಕ್ಕು ಹಿಡಿಯದ ಸ್ಟೀಲಿನದಿರಲಿ.

ಬಿಸಿಲಿನ ವಿಷಯದಲ್ಲಿ ಜಾಗ್ರತೆ ಬೇಕು. ಉದ್ದ 30, ಅಗಲ 25, ದಪ್ಪ ಒಂದೂವರೆ ಸೆಂ.ಮೀ. ಇರುವ ಜೆಲ್ ಪ್ಯಾಡ್ ಒಂದು ಕೆ.ಜಿ.ಗಿಂತ ತುಸು ಜಾಸ್ತಿ ತೂಗುತ್ತದೆ. ಅಷ್ಟೇ ಗಾತ್ರದ ಫೋಮ್ ಅದರ ಹತ್ತನೇ ಒಂದು ಪಾಲು ಕೂಡ ತೂಗುವುದಿಲ್ಲ. ತೂಕ ಜಾಸ್ತಿ ಇದ್ದಷ್ಟೂ ಶಾಖ ಹಿಡಿದಿಡುವ ಶಕ್ತಿ ಜಾಸ್ತಿ. ಬೆಳಿಗ್ಗೆ ಕೂತಾಗ ಜೆಲ್ ಹಾಯಾಗಿ ತಂಪು. ಅದೇ ಬೈಕನ್ನು ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಕಾವಲಿ. ಅದು ಬೇಗ ಆರುವುದೂ ಇಲ್ಲ. ಹಾಗಾಗಿ ನೆರಳು ಹುಡುಕಿ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಬಿಳಿ ಬಟ್ಟೆ ಹೊದಿಸುತ್ತೇನೆ.

ಮೆಮೊರಿ ಫೋಮ್, ಅಂದರೆ ಒತ್ತಿದ ಮೇಲೆ ನಿಧಾನಕ್ಕೆ ಮೇಲೇಳುವ ಫೋಮ್, ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು ಅದು, ವಿಮಾನದ ಸೀಟಿಗೆಂದು. ಒಳ್ಳೆಯದೇ. ಆದರೆ ಚಳಿಗೆ ಗಟ್ಟಿಯಾಗುವುದು ಅದರ ಗುಣ. ಡಿಸೆಂಬರಿನ ಬೆಳಿಗ್ಗೆ ಚಿಕ್ಕಮಗಳೂರಿನ ಕಡೆ ಹೊರಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಸೀಟು ಮುಂದಕ್ಕೆ ಇಳಿಜಾರಾಗಿದ್ದು ಟ್ಯಾಂಕಿನ ಕಡೆ ಜಾರಿಸುತ್ತಿದ್ದರೆ ಜೆಲ್ ಏನೂ ಮಾಡಲಾರದು, ಫೋಮನ್ನೇ ಕೆತ್ತಿ ಸಮ ಮಾಡಬೇಕು. ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತಿದ್ದರೂ ಅಷ್ಟೇ. ಕೂತ ಮನುಷ್ಯನ ಮೈ ಸೆಕೆಂಡಿಗೆ ನಾಲ್ಕರಿಂದ ಆರು ಸಲ ಮೇಲೆ ಕೆಳಗೆ ಕುಲುಕಿದಾಗ ಅತಿ ಹೆಚ್ಚು ಅದುರುತ್ತದೆ. ಆ ನಿಧಾನದ ಕುಲುಕಾಟ ತಡೆಯಲು ಒಂದೂವರೆ ಸೆಂಟಿಮೀಟರ್ ಜೆಲ್ ಎಲ್ಲಿ ಸಾಕು?

ಎರಡನೇ ಸಲದ ಸೀಟಿನಲ್ಲಿ ಈಗ ಬೇಲೂರು ದಾಟುವುದು ಗೊತ್ತೇ ಆಗುವುದಿಲ್ಲ. ಆದರೂ ಅಲ್ಲಿ ಇಳಿದು ಐದು ನಿಮಿಷ ಓಡಾಡುತ್ತೇನೆ, ಆ 41ರ ಲೆಕ್ಕ ಮರೆತಿಲ್ಲ. ನನ್ನ ಹಿಂದೆ ಹೆಂಡತಿ ಕೂರುವ ಸೀಟು ಇನ್ನೂ ಬಾಕಿ ಇದೆ. ಅದು ಹಿಂದಿನ ಚಕ್ರದ ಹತ್ತಿರ ಇರುವುದರಿಂದ ಕುಲುಕು ಅಲ್ಲೇ ಜಾಸ್ತಿ. ಕೂರುವ ಮೂಳೆಗಳ ಅಂತರವೂ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು, ನನ್ನ ಅಳತೆ ಅಲ್ಲಿಗೆ ಆಗುವುದಿಲ್ಲ. ಈ ಭಾನುವಾರ ಹೆಂಡತಿಗೆ ಬಿಡುವಾದಾಗ ಅಳೆಯೋಣ ಅಂತ ಹೊಸ ರಟ್ಟು ಕತ್ತರಿಸಿ ಜಗಲಿಯ ಮೇಲೆ ಇಟ್ಟಿದ್ದೇನೆ.